ಅರಮನೆಯ ಅನ್ನದ ಗುಂಡಿ

ಕಾಲು ಮಡಚಿ ಹತ್ತಿರ ಕೂತ್ಕೊಳ್ಳಿ ಮಕ್ಕಳೇ. ಹೊಟ್ಟೆ ತುಂಬಿದವರು ಕೇಳಲೇಬೇಕಾದ ಕಥೆ ಇದು.

ಕರಿಕಲ್ಲುದುರ್ಗ ಅಂತ ಒಂದು ರಾಜ್ಯ. ಅಲ್ಲೊಬ್ಬ ರಾಜ. ಒಳ್ಳೆಯವನೇ, ಆದರೆ ತನ್ನ ಅಡುಗೆಮನೆ ಯಾವ ದಿಕ್ಕಿಗಿದೆ ಅಂತಲೂ ಅವನಿಗೆ ಗೊತ್ತಿರಲಿಲ್ಲ. ಅಲ್ಲಿಯ ಯಜಮಾನಿಕೆಯೆಲ್ಲ ಹಿರಿಯ ಅಡುಗೆಯವನಾದ ರಾಚಪ್ಪಯ್ಯನದು. ನೂರು ಜನ ಉಣ್ಣುವ ಕಡೆ ಮುನ್ನೂರು ಜನಕ್ಕೆ ಬೇಯಿಸುತ್ತಿದ್ದ. ಮಿಕ್ಕದ್ದನ್ನು ಹಿತ್ತಲ ಗುಂಡಿಗೆ ಸುರಿಸಿ ಮಣ್ಣು ಎಳೆಸುತ್ತಿದ್ದ. ಗುಂಡಿ ದೊಡ್ಡದಾದಷ್ಟೂ ಅರಮನೆಯ ದೊಡ್ಡಸ್ತಿಕೆ ಅಂತ ಅವನ ಎಣಿಕೆ.

ಕೋಟೆಯ ಹೊರಗೊಂದು ವಿದ್ಯಾಶಾಲೆ. ಅಲ್ಲಿ ಓದುವವರು ಮನೆಮನೆಗೆ ಹೋಗಿ ಭಿಕ್ಷೆ ಎತ್ತಿ ಉಣ್ಣಬೇಕು, ಅದು ಅಲ್ಲಿಯ ಪದ್ಧತಿ. ಸುಣ್ಣಗಾರರ ಮಗಳು ಹೊನ್ನವ್ವನೂ ಅಲ್ಲೇ ಓದುತ್ತಿದ್ದಳು. ಹದಿನೆಂಟು ವರ್ಷದ ಹುಡುಗಿ, ಮಾತು ಕಡಿಮೆ, ಕಣ್ಣು ಚುರುಕು. ಒಂದು ದಿನ ಗೆಳೆಯರ ಜೊತೆ ಕಲ್ಲುಕುಟಿಗರ ಕೇರಿಗೆ ಹೋಗಿ ಭಿಕ್ಷೆ ಕೂಗಿದಳು. ಕೋಟೆ ಕಟ್ಟಿ ಮುಗಿದು ಆ ಕೇರಿಗೆ ಕೆಲಸ ನಿಂತುಹೋಗಿತ್ತು. ಮೊದಲ ಮನೆಯ ಬಾಣಂತಿ ಬರಿಮೊರ ಹಿಡಿದು ಬಾಗಿಲಿಗೆ ಬಂದಳು. ಓದುವ ಮಕ್ಕಳನ್ನು ಬರಿಗೈಯಲ್ಲಿ ಕಳಿಸಬೇಕಾಯಿತಲ್ಲ ಅಂತ ಅತ್ತಳು. ಮೂರು ದಿನದಿಂದ ಅವಳ ಒಲೆ ಹೊತ್ತಿರಲಿಲ್ಲ, ಕೂಸಿಗೆ ಹಾಲು ಬತ್ತಿತ್ತು.

ಹೊನ್ನವ್ವ ತಡಮಾಡಲಿಲ್ಲ. ಜೋಳಿಗೆಯಲ್ಲಿದ್ದ ರಾಗಿಯನ್ನು ಆ ಮೊರಕ್ಕೇ ಸುರಿದಳು. ಗೆಳೆಯರೂ ಸುರಿದರು. ಇಡೀ ಕೇರಿಗೆ ಅದೆಲ್ಲಿ ಸಾಕಾದೀತು? ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ.

ಮರುದಿನ ಹೊನ್ನವ್ವನೂ ಗೆಳೆಯರೂ ಅರಮನೆಯ ಹಿತ್ತಲಿಗೆ ಹೋಗಿ ಅನ್ನ ಬೇಡಿದರು. ರಾಜರು ಉಣ್ಣುವ ಮುಂಚೆ ಯಾರಿಗೂ ಕೊಡಬಾರದು ಅಂದ ರಾಚಪ್ಪಯ್ಯ. ಎರಡನೆಯ ದಿನ ರಾಜನ ಊಟವಾದ ಮೇಲೆ ಹೋದರು. ಒಬ್ಬರಿಗೆ ಬಡಿಸಿದ ಮೇಲೆ ಪಾತ್ರೆಯಲ್ಲಿ ಇರುವುದೆಲ್ಲ ಎಂಜಲು, ಅರಮನೆಯ ಎಂಜಲು ಹೊಸಿಲು ದಾಟಬಾರದು ಅಂದ. ಮೂರನೆಯ ದಿನ ಅವರು ಕೇಳಲೇ ಇಲ್ಲ. ಗುಂಡಿಗೆ ಸುರಿಯಲು ತಂದಿಟ್ಟ ಹಂಡೆಗಳನ್ನು ಬಿದಿರಿನ ಬೊಂಬಿಗೆ ಕಟ್ಟಿ ಹೆಗಲಿಗೇರಿಸಿಕೊಂಡು ನಡೆದೇಬಿಟ್ಟರು. ಹೆಬ್ಬಾಗಿಲಲ್ಲಿ ಕಾವಲಿನವರ ಕೈಗೆ ಸಿಕ್ಕಿಬಿದ್ದರು.

ಮಾರನೆಯ ಮಧ್ಯಾಹ್ನ ರಾಜ ಎಲೆಯ ಮುಂದೆ ಕೂತಿದ್ದಾಗ ಅವರನ್ನು ಎಳೆತಂದರು. ಅಡುಗೆಗೆ ವಿಷ ಬೆರೆತಿಲ್ಲ ಅಂತ ತೋರಿಸಲು ರಾಚಪ್ಪಯ್ಯ ದಿನದ ಹಾಗೆ ಪ್ರತಿ ಪಾತ್ರೆಯಿಂದಲೂ ಒಂದೊಂದು ಸೌಟು ಬಡಿಸಿಕೊಂಡು ತಾನು ಮೊದಲು ಉಂಡ. ಆಮೇಲೆ ರಾಜನಿಗೆ ಬಡಿಸಿದ. ಮೀಸೆ ಒರೆಸಿಕೊಂಡು, ಎಂಜಲು ಕದ್ದ ಇವರನ್ನು ವಿದ್ಯಾಶಾಲೆಯಿಂದಲೇ ಓಡಿಸಬೇಕು ಅಂತ ದೂರು ಹೇಳಿದ.

ಹೊನ್ನವ್ವ ಕೈಮುಗಿದು ಮುಂದೆ ಬಂದಳು.

“ತಪ್ಪಿದ್ರೆ ಹೋಗ್ತೀವಿ, ಮಹಾಸ್ವಾಮಿ. ಅಯ್ಯನವರನ್ನ ಒಂದೇ ಮಾತು ಕೇಳ್ತೀನಿ. ಒಬ್ಬರಿಗೆ ಬಡಿಸಿದ ಮೇಲೆ ಪಾತ್ರೇಲಿ ಉಳಿದದ್ದು ಎಂಜಲೋ, ಅಲ್ಲವೋ?”

“ಎಂಜಲೇ. ಶಾಸ್ತ್ರಾನೇ ಹೇಳುತ್ತೆ,” ಅಂದ ರಾಚಪ್ಪಯ್ಯ.

“ಈಗ ನೀವು ಮೊದಲು ಬಡಿಸ್ಕೊಂಡು ಉಂಡ್ರಲ್ಲ. ಹಾಗಾದ್ರೆ ಮಹಾಸ್ವಾಮಿಗಳ ಎಲೇಲಿ ಇರೋದು ಯಾರ ಎಂಜಲು?”

ರಾಜನ ಕೈಯ ತುತ್ತು ಬಾಯಿಯ ಹತ್ತಿರವೇ ನಿಂತಿತು. ರಾಚಪ್ಪಯ್ಯ ಬಿಳಿಚಿಕೊಂಡ. ಎಂಜಲು ಅಂದರೆ ತಲೆ ಹೋಗುತ್ತದೆ, ಅಲ್ಲ ಅಂದರೆ ಆಡಿದ ಮಾತು ಹೋಗುತ್ತದೆ. ತಲೆ ಉಳಿಸಿಕೊಳ್ಳುವುದೇ ಮೇಲು ಅನ್ನಿಸಿತು. ಎಂಜಲಲ್ಲ ಮಹಾಸ್ವಾಮಿ, ಪಾತ್ರೆಯಲ್ಲಿ ಇರುವುದು ಶುದ್ಧವಾದ ಅನ್ನ ಅಂತ ತೊದಲಿದ.

ರಾಜ ಹೊಟ್ಟೆ ಹಿಡಿದು ನಕ್ಕ. ಆಮೇಲೆ ಎದ್ದು ಹಿತ್ತಲಿಗೆ ಹೋಗಿ ಗುಂಡಿಯೊಳಗೆ ಇಣುಕಿದ. ಮಣ್ಣಿನ ನಡುವೆ ಮಲ್ಲಿಗೆಯಂಥ ಅನ್ನ. ಅವನ ನಗು ಸತ್ತುಹೋಯಿತು.

“ಶುದ್ಧವಾದ ಅನ್ನಾನ ಮಣ್ಣಿಗೆ ಹಾಕ್ದೆಯಾ, ರಾಚಪ್ಪಯ್ಯ?”

ರಾಜ ಅವತ್ತೇ ಗುಂಡಿ ಮುಚ್ಚಿಸಿದ. ಇನ್ನು ಮೇಲೆ ಮಿಕ್ಕ ಅನ್ನವನ್ನು ಓದುವ ಮಕ್ಕಳು ದಿನಾ ಕಲ್ಲುಕುಟಿಗರ ಕೇರಿಗೆ ಒಯ್ಯಬೇಕು, ಹಂಡೆಯ ಬೊಂಬಿಗೆ ರಾಚಪ್ಪಯ್ಯನೂ ಹೆಗಲು ಕೊಡಬೇಕು ಅಂತ ಅಪ್ಪಣೆ ಮಾಡಿದ. ಮೊದಲ ದಿನ ಅವನು ಏದುಸಿರು ಬಿಟ್ಟದ್ದನ್ನು ಇಡೀ ಊರೇ ನೋಡಿತು.

ಆ ಓದುವ ಮಕ್ಕಳನ್ನು ಎಷ್ಟು ಹೊಗಳಿದರೂ ನನಗೆ ಸಾಲದು. ಬೇಗ ಹಳಸುವುದನ್ನು ಮೊದಲು ಹೊತ್ತು ಓಡುತ್ತಿದ್ದರು, ಮೂಸಿ ನೋಡದೆ ಒಂದು ತುತ್ತೂ ಬಡಿಸುತ್ತಿರಲಿಲ್ಲ. ಬಾಣಂತಿ ಎರಡು ಹೊತ್ತು ಉಂಡು ಮೈತುಂಬಿಕೊಂಡಳು, ಕೂಸು ಉಳಿಯಿತು. ಕೇರಿಯವರೆಲ್ಲ ಉಂಡ ಮೇಲೆಯೇ ಹೊನ್ನವ್ವ ಮತ್ತು ಅವಳ ಗೆಳೆಯರು ಎಲೆ ಹಾಸಿಕೊಳ್ಳುತ್ತಿದ್ದರು.

ಈ ಕಥೆಯ ನೀತಿ ಇಷ್ಟೇ ಮಕ್ಕಳೇ: ಮಿಕ್ಕ ಅನ್ನ ಹಸಿದವರದು, ಅದನ್ನು ಮಣ್ಣುಪಾಲು ಮಾಡಬೇಡಿ. ಕೊಡುವ ಮನಸ್ಸಿಲ್ಲದವನಿಗೇ ಶಾಸ್ತ್ರ ಬೇಗ ನೆನಪಾಗುವುದು.