ಅಂದಿನ ಬೆಲೆ

"ಗುರುಗಳೇ, ಎಂದೋ ಆಗಿಹೋದದ್ದನ್ನು ಇಂದು ತೂಗಿ ನೋಡಲು ಬರುತ್ತದೆಯೇ?" ಎಂದು ಚೆನ್ನವೀರ ಕೇಳಿದ. ಮಠಕ್ಕೆ ಬಂದು ಬಹಳ ದಿನವಾಗಿದ್ದರೂ ಈ ಶಿಷ್ಯನಿಗೆ ಒಂದು ಕಡೆ ಕೂರಲು ಆಗುತ್ತಿರಲಿಲ್ಲ. ಊರು ಬಿಟ್ಟು ಬಂದದ್ದೇಕೆಂದು ಅವನು ಯಾರಿಗೂ ಹೇಳಿರಲಿಲ್ಲ. ಗುರುಗಳು ಅವನ ಮುಖ ನೋಡಿದರು. ಆಮೇಲೆ ಕತೆ ಹೇಳತೊಡಗಿದರು.

ಒಂದು ಪೇಟೆಯಲ್ಲಿ ಒಬ್ಬ ಪಾತ್ರೆ ವ್ಯಾಪಾರಿ ಇದ್ದ. ಅಪ್ಪ ಬಿಟ್ಟುಹೋದ ಮನೆಯೊಂದು ಅವನ ಹೆಸರಿನಲ್ಲಿತ್ತು. ಪೇಟೆ ಬೆಳೆದಂತೆ ಆ ಬೀದಿಗೆ ಬೇಡಿಕೆ ಬಂತು. ಒಳ್ಳೆಯ ಬೆಲೆ ಸಿಕ್ಕಿತೆಂದು ಅವನು ಮನೆಯನ್ನು ಮಾರಿದ. ಹಣ ಕೈಗೆ ಬಂದ ಮೇಲೆ ತೆರಿಗೆಯ ಚಿಂತೆ ಹತ್ತಿತು. ಲೆಕ್ಕಪರಿಶೋಧಕರ ಬಳಿ ಹೋಗಿ ಕೇಳಿದ.

ಅವರು ಬಿಡಿಸಿ ಹೇಳಿದರು. ಇಂಥ ಹಳೆಯ ಮನೆಗಳಿಗೆಂದು ಸರ್ಕಾರ ಹಿಂದಿನ ಒಂದು ದಿನವನ್ನು ಗೊತ್ತುಮಾಡಿದೆ. ಆ ದಿನ ಮನೆ ಎಷ್ಟು ಬಾಳುತ್ತಿತ್ತು ಎಂಬುದನ್ನು ಮಾರಿದ ಬೆಲೆಯಲ್ಲಿ ಕಳೆಯುತ್ತಾರೆ. ಉಳಿದದ್ದು ಲಾಭ, ತೆರಿಗೆ ಬೀಳುವುದು ಅದರ ಮೇಲೆ. ಅಂದಿನ ಬೆಲೆ ಹೆಚ್ಚಿದ್ದಷ್ಟೂ ಇಂದಿನ ತೆರಿಗೆ ಕಡಿಮೆ. ಆದರೆ ಆ ಬೆಲೆಯನ್ನು ಬಾಯಲ್ಲಿ ಹೇಳಿದರೆ ನಡೆಯದು. ಪರವಾನಗಿ ಪಡೆದ ಮೌಲ್ಯಮಾಪಕರಿಂದ ಬರೆಸಿ ತರಬೇಕು.

ವ್ಯಾಪಾರಿಗೆ ಅಂದಿನಿಂದ ಕೂತಲ್ಲಿ ಕೂರಲಾಗಲಿಲ್ಲ. ಅಂಗಡಿಯನ್ನು ಆಳುಗಳಿಗೆ ಬಿಟ್ಟು ಬೀದಿ ಬೀದಿ ಸುತ್ತಿದ. ಆ ಕಾಲದಲ್ಲಿ ಯಾರ ಮನೆ ಎಷ್ಟಕ್ಕೆ ಹೋಯಿತೆಂದು ಹಳಬರನ್ನೆಲ್ಲ ಕೇಳಿದ. ಮೂಲೆಯ ಮನೆ ಚೆನ್ನಾಗಿ ಹೋಗಿತ್ತು. ಎದುರಿನದು ಅದಕ್ಕಿಂತ ಚೆನ್ನಾಗಿ ಹೋಗಿತ್ತು. ಒಂದೊಂದು ಬೆಲೆ ಕಿವಿಗೆ ಬಿದ್ದಾಗಲೂ ಅವನು ಉಬ್ಬಿದ. ತನ್ನ ಮನೆ ಅವೆರಡಕ್ಕಿಂತ ಗಟ್ಟಿ, ಬರ್ಮಾ ತೇಗದ ಕಂಬಗಳು, ಬೇಸಿಗೆಯಲ್ಲೂ ಬತ್ತದ ಬಾವಿ ಎಂದು ಮೌಲ್ಯಮಾಪಕರ ಮುಂದೆ ಕೈ ಬೀಸಿ ಬೀಸಿ ವಿವರಿಸಿದ.

ಮೌಲ್ಯಮಾಪಕರು ಎಲ್ಲವನ್ನೂ ಬರೆದುಕೊಂಡರು. ಆಮೇಲೆ ಕೇಳಿದರು, "ಆ ಹೊತ್ತಿನಲ್ಲಿ ಇದೇ ಮನೆಯ ಮೇಲೆ ಏನಾದರೂ ವ್ಯವಹಾರ ಆಗಿತ್ತೇ? ಆಗಿದ್ದರೆ ಅಕ್ಕಪಕ್ಕದ ಮನೆಗಳನ್ನು ನೋಡುವ ಅಗತ್ಯವೇ ಇಲ್ಲ."

ವ್ಯಾಪಾರಿ ಬೀಸುತ್ತಿದ್ದ ಕೈಯನ್ನು ಕೆಳಗಿಳಿಸಿದ. ವ್ಯವಹಾರ ಆಗಿತ್ತು. ಸರ್ಕಾರ ಗೊತ್ತುಮಾಡಿದ ಆ ದಿನಕ್ಕಿಂತ ಕೆಲವೇ ತಿಂಗಳು ಮೊದಲು ಅವನ ಅಪ್ಪ ತೀರಿಕೊಂಡಿದ್ದರು. ಮನೆಯಲ್ಲಿ ಅರ್ಧ ಪಾಲು ತಂಗಿ ನೀಲಮ್ಮನದು. ಅವನು ತಂಗಿಯನ್ನು ಕರೆಸಿ ಗೋಡೆಯ ಬಿರುಕುಗಳನ್ನು ತೋರಿಸಿದ. ಸೋರುವ ಹಂಚು ತೋರಿಸಿದ. ಈ ಹಳೆಯ ಕೊಂಪೆಯನ್ನು ಯಾರೂ ಮೂಸಿ ನೋಡುವುದಿಲ್ಲ ಎಂದ. ಒಂದಿಷ್ಟು ಹಣ ಕೊಟ್ಟು ಹಕ್ಕು ಬಿಟ್ಟ ಪತ್ರಕ್ಕೆ ಸಹಿ ಹಾಕಿಸಿಕೊಂಡ.

"ತಂಗಿಯ ಪಾಲು ಬಿಡಿಸಿಕೊಂಡಿದ್ದೆ. ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ ಸ್ವಾಮಿ. ಅದು ನಿಜವಾದ ಬೆಲೆ ಅಲ್ಲ," ಎಂದ ವ್ಯಾಪಾರಿ.

ಮನೆಮಂದಿಯ ನಡುವೆ ಹಾಗೆ ಆಗುವುದುಂಟು ಎಂದು ಮೌಲ್ಯಮಾಪಕರು ಮುಂದಿನ ಪ್ರಶ್ನೆಗೆ ಹೋದರು. ವ್ಯಾಪಾರಿಗೆ ಮುಂದೆ ಹೋಗಲು ಆಗಲಿಲ್ಲ. ಇಷ್ಟು ವರ್ಷ ಯಾರೂ ಅವನಿಗೆ ಹೇಳದಿದ್ದ ಮಾತನ್ನು ಅವನ ನಾಲಿಗೆಯೇ ಹೇಳಿತ್ತು.

ವರದಿ ಕೈಗೆ ಬಂತು. ಅಂದಿನ ಬೆಲೆ ಅವನು ಬಯಸಿದ್ದಕ್ಕಿಂತಲೂ ಹೆಚ್ಚಾಗಿತ್ತು. ಲೆಕ್ಕಪರಿಶೋಧಕರು ಸಂತೋಷಪಟ್ಟರು. ಅವನು ಮಾತ್ರ ಆ ಕಾಗದವನ್ನು ಅಂಗಡಿಯಿಂದ ಮನೆಗೆ, ಮನೆಯಿಂದ ಅಂಗಡಿಗೆ ಒಯ್ದು ತಂದ. ಕಡಿಮೆ ಬೆಲೆಯೇ ಸರಿಯೆಂದರೆ ತೆರಿಗೆ ಮೈಮೇಲೆ ಬರುತ್ತದೆ. ಹೆಚ್ಚಿನ ಬೆಲೆಯೇ ಸರಿಯೆಂದರೆ ತಂಗಿಗೆ ಮೋಸ ಮಾಡಿದ್ದೇನೆಂದು ತಾನೇ ಬರೆದುಕೊಟ್ಟಂತೆ. ಬೆಲೆ ತಗ್ಗಿಸಿ ಬರೆಯಿರಿ ಎಂದು ಕೇಳಲು ಮೌಲ್ಯಮಾಪಕರ ಬಾಗಿಲವರೆಗೆ ಹೋದ. ಕದ ತಟ್ಟದೆ ಹಿಂದಿರುಗಿದ. ಗಿರಾಕಿಗಳ ಮೇಲೆ ರೇಗಿದ. ಹೆಂಡತಿ ಏನಾಯಿತೆಂದು ಕೇಳಿದರೆ ಊಟ ಬಿಟ್ಟು ಎದ್ದ.

ಕೊನೆಗೊಂದು ಬೆಳಿಗ್ಗೆ ತಂಗಿಯ ಊರಿನ ಬಸ್ಸು ಹತ್ತಿದ. ಜೇಬಿನಲ್ಲಿ ಚೆಕ್ಕು ಇತ್ತು, ಮೊತ್ತ ಬರೆದಿರಲಿಲ್ಲ. ಅಂದು ಕೊಡಬೇಕಾಗಿದ್ದುದರಲ್ಲಿ ಉಳಿಸಿಕೊಂಡಷ್ಟನ್ನು ಕೊಟ್ಟರೆ ಸಾಕೆಂದು ಬಸ್ಸಿನಲ್ಲಿ ಅಂದುಕೊಂಡ. ಇಳಿಯುವಾಗ ಅದು ಸಾಲದು ಅನ್ನಿಸಿತು. ತಂಗಿಯ ಜಗುಲಿಯ ಮೇಲೆ ಕುಳಿತು, ಈಗ ಮಾರಿ ಬಂದ ಹಣದಲ್ಲಿ ಸರಿಯಾಗಿ ಅರ್ಧ ಬರೆದ. ನಡೆದದ್ದನ್ನೆಲ್ಲ ಹೇಳಿ ಚೆಕ್ಕನ್ನು ಅವಳ ಮುಂದಿಟ್ಟ.

ನೀಲಮ್ಮ ಚೆಕ್ಕನ್ನು ಓದಿದಳು. "ಆವತ್ತೇ ನನಗೆ ಗೊತ್ತಿತ್ತು ಅಣ್ಣಾ. ನಮ್ಮ ಮನೆಯವರು ಪೇಟೆಯಲ್ಲಿ ವಿಚಾರಿಸಿಕೊಂಡೇ ಬಂದಿದ್ದರು."

"ಗೊತ್ತಿದ್ದೂ ಯಾಕೆ ಸಹಿ ಹಾಕಿದೆ?"

"ಜಗಳ ಆಡಿದರೆ ತವರು ತಪ್ಪಿಹೋಗುತ್ತದೆ ಅಂತ ಹಾಕಿದೆ. ಹಣ ಹೋದರೆ ಹೋಗಲಿ, ಹಬ್ಬಕ್ಕೆ ಕರೆಯಲು ನೀನು ಬರುತ್ತೀಯಲ್ಲ ಅಂದುಕೊಂಡಿದ್ದೆ. ಸಹಿ ಆದ ಮೇಲೆ ನೀನು ಈ ಕಡೆ ತಲೆಯನ್ನೇ ಹಾಕಲಿಲ್ಲ."

ನಿಜವಾಗಿತ್ತು. ಪ್ರತಿ ಹಬ್ಬದಲ್ಲೂ ಅವನಿಗೆ ಅಂಗಡಿಯ ನೆಪ ಸಿಕ್ಕಿತ್ತು. ಅವಳ ಮುಖ ನೋಡುವುದು ಅವನಿಗೆ ಬೇಕಿರಲಿಲ್ಲ.

ನೀಲಮ್ಮ ಬೇಡವೆನ್ನಲಿಲ್ಲ. ನನ್ನ ಪಾಲು ನನಗೆ ಬಂತು ಎಂದು ಚೆಕ್ಕನ್ನು ಒಳಗಿಟ್ಟು ಬಂದಳು. ಅಣ್ಣನಿಗೆ ರೊಟ್ಟಿ ಬಡಿಸಿದಳು. ಅವನು ಎಷ್ಟೋ ದಿನಗಳ ಮೇಲೆ ಹೊಟ್ಟೆ ತುಂಬ ಉಂಡ. ಕೈ ತೊಳೆಯಲು ನೀರು ಹಾಕುತ್ತಾ ತಂಗಿ ಹೇಳಿದಳು, "ಕೊಂಡವರನ್ನು ಕೇಳು. ಒಂದು ದಿನ ಬಂದು ಅಪ್ಪನ ಮನೆಯನ್ನು ನೋಡಿಕೊಂಡು ಹೋಗುತ್ತೇನೆ."

ಕೊಂಡವರು ಹಿಂದಿನ ವಾರವೇ ಅದನ್ನು ಕೆಡವಿ ಮಣ್ಣು ಸಾಗಿಸಿದ್ದರು. ಅಲ್ಲಿ ಅಂಗಡಿ ಸಾಲಿಗೆ ಪಾಯ ತೋಡುತ್ತಿದ್ದರು. ವ್ಯಾಪಾರಿ ಒದ್ದೆ ಕೈಯಲ್ಲೇ ನಿಂತು ಅಷ್ಟನ್ನು ಹೇಳಿದ. ನೀಲಮ್ಮ ಚೊಂಬನ್ನು ಕೆಳಗಿಟ್ಟು ಒಳಗೆ ಹೋದಳು. ಅವನು ಜಗುಲಿಯ ಮೇಲೆ ಕೂತ, ಎದ್ದ, ಮತ್ತೆ ಕೂತ. ಪೇಟೆಗೆ ಹೋಗುವ ಬಸ್ಸು ಬಂದು ನಿಂತು ಹೊರಟುಹೋಯಿತು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

"ತಂಗಿ ಮತ್ತೆ ಹೊರಗೆ ಬಂದಳೇ ಗುರುಗಳೇ?" ಎಂದು ಚೆನ್ನವೀರ ಕೇಳಿದ.

"ಚೆನ್ನವೀರಾ, ನೀನು ಯಾರಿಗೆ ಕಡಿಮೆ ಕೊಟ್ಟು ಇಲ್ಲಿಗೆ ಬಂದೆಯೋ, ಅವರು ಇನ್ನೂ ಬದುಕಿದ್ದಾರೆಯೇ?" ಎಂದರು ಗುರುಗಳು.