ಶಾವಿಗೆ ಒರಳಿನಿಂದ ಇಳಿದ ಸೀರೆ

ಒಂದಾನೊಂದು ಕಾಲದಲ್ಲಿ, ದೇವರು ಕರೆದರೆ ಓಗೊಡುತ್ತಿದ್ದ ಕಾಲದಲ್ಲಿ, ಸಂಕಮ್ಮ ಅಂತ ಒಬ್ಬಳು ಸೀರೆ ನೇಯುವವಳು ಇದ್ದಳಂತೆ ಕಂದಾ. ಅವಳಿಗೆ ಹೊನ್ನಿ ಅಂತ ಒಬ್ಬಳೇ ಮಗಳು, ನಿನ್ನಷ್ಟೇ ಇದ್ದಳು. ಆ ಮಗು ಜ್ವರದಲ್ಲಿ ಕಣ್ಣು ಬಿಡದೆ ಮಲಗಿದಾಗ ಸಂಕಮ್ಮ ಊರಮ್ಮನ ಮುಂದೆ ಕೂತು, ತಾಯೀ, ಇವಳನ್ನು ಎಬ್ಬಿಸಿಕೊಡು, ಹುಣ್ಣಿಮೆಗೆ ನಿನಗೆ ಮಿರಮಿರ ಮಿಂಚುವ ಸೀರೆ ಉಡಿಸ್ತೀನಿ ಅಂತ ಹರಕೆ ಹೊತ್ತಳಂತೆ. ತಾಯಿಯ ದಯ ನೋಡು, ಬೆಳಗಾಗುವಷ್ಟರಲ್ಲಿ ಮಗು ಎದ್ದು ಗಂಜಿ ಕೇಳಿತಂತೆ.

ಆಮೇಲೆ ಅವ್ವ ಮಗಳು ನೂಲು ಹುಡುಕುತ್ತಾ ಹೊರಟರು. ಮೊದಲು ಹತ್ತಿ ಗಿಡ ಸಿಕ್ಕಿ, ನನ್ನ ಬೀಜಕ್ಕೆ ಹೊದಿಸಿದ್ದು ಇದು, ತಗೊಳ್ಳಿ ಅಂತ ಕಾಯಿ ಬಿರಿದು ಕೊಟ್ಟಿತಂತೆ. ನೂತು ನೋಡಿದರೆ ಮೆತ್ತಗಿದೆ, ತಂಪಾಗಿದೆ, ಮಿಂಚೋದಿಲ್ಲ. ಆಮೇಲೆ ಕುರಿ ಸಿಕ್ಕಿ, ಕತ್ತರಿಸಿಕೊಳ್ಳಿ, ನನಗೂ ಮೈ ಹಗುರಾಗುತ್ತೆ ಅಂತ ಬೆನ್ನು ಕೊಟ್ಟಿತಂತೆ. ಉಣ್ಣೆ ಬೆಚ್ಚಗಿದೆ, ಅದೂ ಮಿಂಚೋದಿಲ್ಲ. ಆಮೇಲೆ ಹಿಪ್ಪುನೇರಳೆ ತೋಟದಲ್ಲಿ ರೇಷ್ಮೆ ಹುಳ ಬಾಯಿಂದ ಎಳೆ ಎಳೆದು ಗೂಡು ಕಟ್ಟುತ್ತಿತ್ತಂತೆ, ಬೆಳದಿಂಗಳನ್ನೇ ಸುತ್ತಿಕೊಂಡ ಹಾಗೆ. ಸಂಕಮ್ಮ ಹಿಗ್ಗಿ ಒಲೆ ಹಚ್ಚಿ ನೀರಿಟ್ಟಳು. ಗೂಡು ಬೇಯಿಸಿದರೇ ಎಳೆ ಬಿಚ್ಚೋದು ಅಂದಳು. ಒಳಗಿರೋ ಹುಳ ಏನಾಗುತ್ತೆ ಅಂತ ಹೊನ್ನಿ ಕೇಳಿದರೆ, ಅದೂ ಬೆಂದು ಹೋಗುತ್ತೆ ಅಂದಳು ಅವ್ವ.

"ಅವ್ವಾ, ನನ್ನ ಜೀವ ಉಳಿದಿದ್ದಕ್ಕೆ ಅದರ ಜೀವ ತೆಗೀಬೇಕಾ?"

ಸಂಕಮ್ಮನಿಗೆ ಹೆದರಿಕೆ ಆಯಿತಂತೆ. ಹರಕೆ ತಪ್ಪಿದರೆ, ಕೊಟ್ಟ ಮಗುವನ್ನು ತಾಯಿ ವಾಪಸು ಕರಕೊಂಡರೆ? ಆದರೂ ಒಲೆ ಆರಿಸಿ ಅಳುತ್ತಾ ಕೂತಳು. ಆಗ ಹುಳ ತಲೆಯೆತ್ತಿ, ಅಳಬೇಡಮ್ಮಾ, ನಾನು ಮಾಡೋದಾದರೂ ಏನು, ಸೊಪ್ಪು ತಿಂದು ಹೊಟ್ಟೇಲಿ ಅಂಟು ಮಾಡಿ ಸಣ್ಣ ತೂತಿನಿಂದ ಎಳೀತೀನಿ, ನೀವು ಶಾವಿಗೆ ಒತ್ತೋ ಹಾಗೆ. ನೀವೂ ಎಳೀರಿ, ಅಂಟಿಗೆ ಭೂಮಿತಾಯಿಯನ್ನು ಕೇಳಿ ಅಂದಿತಂತೆ.

ಇವರು ಹೋಗಿ ಕೇಳಿದರೆ ಭೂಮಿತಾಯಿ, ಎಷ್ಟೋ ಯುಗದ ಕೆಳಗೆ ಸಮುದ್ರದಲ್ಲಿ ಬಾಳಿ ಮುಗಿದ ಪುಟ್ಟ ಪುಟ್ಟ ಜೀವಗಳು ನನ್ನ ಮಡಿಲಲ್ಲಿ ಕರೀ ಎಣ್ಣೆಯಾಗಿ ಮಲಗಿವೆ, ತಗೊಳ್ಳಿ, ಇದಕ್ಕಾಗಿ ಈಗ ಯಾರನ್ನೂ ಕೊಲ್ಲಬೇಕಿಲ್ಲ ಅಂದಳಂತೆ. ಆಮೇಲೆ ಅವರು ಆ ಎಣ್ಣೆಯನ್ನು ಕಾಯಿಸಿ, ಸೋಸಿ, ಪಾಕ ಮಾಡಿ, ಶಾವಿಗೆ ಒರಳಿಗೆ ಸೂಜಿಮೊನೆಯಂಥ ತೂತು ಕೊರೆದು ಒತ್ತಿದರೆ, ಎಳೆ ಎಳೆಯಾಗಿ ಇಳಿದು ಗಾಳಿಗೆ ಗಟ್ಟಿಯಾಗಿ ಮಿಂಚಿತಂತೆ.

ಹುಣ್ಣಿಮೆ ದಿನ ಆ ಎಳೆಯಲ್ಲಿ ನೇಯ್ದ ಸೀರೆ ನೋಡಿ, ಅದು ಬಂದ ಕತೆ ಕೇಳಿ ಪೂಜಾರಿ ಚಿಕ್ಕಯ್ಯ ಮೂಗು ಮುರಿದ. ಏನೇ ಸಂಕೀ, ತಾಯಿಗೆ ಎಣ್ಣೆ ಜಿಡ್ಡು ಉಡಿಸ್ತೀಯಾ ಅಂದ. ಭೂಮಿತಾಯಿ ಕೊಟ್ಟಿದ್ದು ಸ್ವಾಮಿ ಅಂತ ಇವಳು ಕೈಮುಗಿದಳು. ಸರಿ, ಸೀರೆ ಉಡಿಸಿ, ತಾಯಿ ಒಪ್ಪಿದರೆ ಹೂವು ಬಲಗಡೆ ಬೀಳಲಿ ಅಂತ ಅವಳ ಮುಡಿಗೆ ಹೂವಿಟ್ಟು ಕಾದರಂತೆ. ಹೂವು ಅಲ್ಲಾಡಲೇ ಇಲ್ಲ. ನಾನು ಹೇಳಲಿಲ್ವಾ ಅಂದ ಚಿಕ್ಕಯ್ಯ. ಸಂಕಮ್ಮ ಹೆದರಿ ಮಗಳನ್ನು ಅವಚಿಕೊಂಡು ಕಣ್ಣು ಮುಚ್ಚಿಕೊಂಡಳು.

ಹೊನ್ನಿ ಮಾತ್ರ ಕೊಸರಿಕೊಂಡು ಹೋಗಿ ತಾಯಿಯ ಮುಖ ನೋಡಿದಳಂತೆ. ಕಲ್ಲಿನ ಕೆನ್ನೆ ಮೇಲೆ ಬೆವರಿನ ಹನಿ.

"ಬೇಡ ಅಂತಲ್ಲ ಅಜ್ಜಾ, ತಾಯಿಗೆ ಸೆಖೆ. ಈ ಸೀರೆ ಬೆವರು ಕುಡಿಯಲ್ಲ."

ಸಂಕಮ್ಮ ತಾನು ನೂತ ಹತ್ತಿಯ ತೆಳು ಬಟ್ಟೆ ತಂದು ಒಳಗೆ ಉಡಿಸಿ, ಮೇಲೆ ಮಿಂಚುವ ಸೀರೆ ಹೊದಿಸಿದಳು. ಉಸಿರು ಬಿಡುವಷ್ಟರಲ್ಲಿ ಹೂವು ಬಲಗಡೆಗೆ ಮೆಲ್ಲಗೆ ಜಾರಿ ಹೊನ್ನಿಯ ಕೈಗೇ ಬಿತ್ತಂತೆ. ಚಿಕ್ಕಯ್ಯ ಕೆನ್ನೆ ಬಡಕೊಂಡು, ಗಿಡದ್ದು, ಕುರಿಯದ್ದು, ಹುಳದ್ದು, ನೆಲದ್ದು, ಎಲ್ಲಾ ನಿಂದೇ ತಾಯೀ ಅಂದನಂತೆ. ಅವ್ವ ಮಗಳು ಪ್ರಸಾದ ತಿಂದು ಮನೆಗೆ ಹೋಗಿ ನೂರು ಕಾಲ ಸುಖವಾಗಿದ್ದರಂತೆ. ಕತೆ ಮುಗೀತು ಕಂದಾ, ತಾಯಿಯನ್ನು ನೆನೆದು ಕಣ್ಣು ಮುಚ್ಚು.