ಎಮ್ಮೆ ‘ಇರಲಿ’ ಅಂದದ್ದು

ಇದು ನಡೆದದ್ದು ಲೋಕದ ಮೊದಲನೆಯ ಬೇಸಿಗೆಯಲ್ಲಿ, ನಲವತ್ತೊಂದನೆಯ ದಿನ, ನಡು ಮಧ್ಯಾಹ್ನ.

ಆಗ ಎಲ್ಲವೂ ಹೊಸದು. ಬಂಡೆಗಳಿಗೆ ಇನ್ನೂ ಬಿರುಕು ಬಿದ್ದಿರಲಿಲ್ಲ. ಬೇವಿನ ಮರ ಒಂದೇ ಇತ್ತು. ಕೆರೆಯೂ ಒಂದೇ. ಸೂರ್ಯನೂ ಹೊಸಬ. ಕೆಲಸಕ್ಕೆ ಈಗಷ್ಟೇ ಸೇರಿದವರ ಹಾಗೆ ಬೆಳಿಗ್ಗೆ ಬೇಗ ಬರುತ್ತಿದ್ದ, ಸಂಜೆ ತಡವಾಗಿ ಹೋಗುತ್ತಿದ್ದ. ನಡುವೆ ಊಟಕ್ಕೂ ಇಳಿಯುತ್ತಿರಲಿಲ್ಲ.

ಆ ಮಧ್ಯಾಹ್ನದ ಕತೆಗೆ ಮೊದಲು ಬೇಸಿಗೆಯ ಒಂದನೆಯ ದಿನದ ಕತೆ ಹೇಳಬೇಕು.

ಒಂದನೆಯ ದಿನ ಗಾಳಿ ಒಂದು ಮಡಕೆ ಹೊತ್ತು ಬಂದಳು. ಮಡಕೆಯ ತುಂಬ ಬೆವರು.

“ಬಿಸಿಲು ಬರ್ತಿದೆ, ಎಲ್ಲರೂ ಸಾಲಾಗಿ ಬನ್ನಿ,” ಎಂದಳು ಗಾಳಿ. “ಮೈ ಒದ್ದೆ ಇದ್ದರೆ ನಾನು ಬೀಸಿ ತಂಪು ಮಾಡ್ತೀನಿ. ಮೈ ಒಣಗಿದ್ದರೆ ನನ್ನಿಂದ ಏನೂ ಆಗೋದಿಲ್ಲ. ಆಮೇಲೆ ನನ್ನನ್ನು ಬೈಬೇಡಿ.”

ಮೊದಲು ನಾಯಿ ಬಂತು. ನಾಲ್ಕು ಪಾದ ಚಾಚಿತು. ಗಾಳಿ ಒಂದೊಂದು ಪಾದಕ್ಕೆ ಒಂದೊಂದು ಹನಿ ಹಾಕಿದಳು. ನಾಯಿ ನೆಕ್ಕಿ ನೋಡಿತು.

“ಥೂ, ಉಪ್ಪು!” ಎಂದು ನಾಲಿಗೆ ಹೊರಗೆ ಹಾಕಿತು. ಆ ನಾಲಿಗೆಯನ್ನು ಅದು ಬೇಸಿಗೆಯಲ್ಲಿ ಇನ್ನೂ ಪೂರ್ತಿ ಒಳಗೆ ತೆಗೆದುಕೊಂಡಿಲ್ಲ.

ಆಮೇಲೆ ಕಾಗೆ ಬಂತು. “ನನಗೆ ಬೇಡ. ಗರಿ ಹಾಳಾಗ್ತದೆ. ಸೆಕೆಯಾದರೆ ಬಾಯಿ ತೆರೀತೀನಿ.”

“ಅದು ಮುಚ್ಚಿದ್ದು ಯಾವಾಗ?” ಎಂದಳು ಗಾಳಿ.

ಆಮೇಲೆ ತಿಪ್ಪವ್ವ ಬಂದಳು. ತಿಪ್ಪವ್ವ ಲೋಕದ ಮೊದಲನೆಯ ಕುಂಬಾರತಿ. ಗಾಳಿಯ ಕೈಲಿದ್ದ ಮಡಕೆ ಅವಳೇ ಮಾಡಿದ್ದು.

“ಸಾಕಾ?” ಎಂದಳು ಗಾಳಿ, ಹಣೆಗೆ ಹಾಕಿ.

“ಸಾಲದು.”

“ಈಗ?” ಎಂದಳು, ಬೆನ್ನಿಗೆ ಹಾಕಿ.

“ಸಾಲದು. ಒಲೆ ಮುಂದೆ ಕೂತು ಮಡಕೆ ಸುಡುವವಳು ನಾನು. ಕಂಕುಳಿಗೂ ಹಾಕು. ಜಿಪುಣತನ ಮಾಡಬೇಡ, ಮಡಕೆ ಯಾರದು?”

ಗಾಳಿ ಅವಳ ಮೈಯಲ್ಲಿ ಒಂದು ಜಾಗವನ್ನೂ ಬಿಡದೆ ಹಾಕಿದಳು.

ಕೊನೆಗೆ ಎಮ್ಮೆ ಬಂತು. ಎಮ್ಮೆ ಬೆಳಿಗ್ಗೆಯೇ ಹೊರಟಿತ್ತು. ಬಂದು ಮುಟ್ಟಿದಾಗ ಸಂಜೆ.

“ಎಮ್ಮಕ್ಕ, ನಿನಗೂ ಹಾಕಲಾ?” ಎಂದಳು ಗಾಳಿ.

ಎಮ್ಮೆ ಮೆಲುಕು ಹಾಕುತ್ತಿತ್ತು. ಬಾಯಿ ತುಂಬಿತ್ತು. ಅದಕ್ಕೆ ಉದ್ದದ ಮಾತು ಯಾವತ್ತೂ ಹಿಡಿಸಿದ್ದಿಲ್ಲ.

“ಇರಲಿ,” ಎಂದಿತು.

ಊಟಕ್ಕೆ ಕೂತವರು ಎಲೆಯ ಮೇಲೆ ಕೈ ಅಡ್ಡ ಇಟ್ಟು “ಇರಲಿ, ಇರಲಿ” ಅನ್ನುತ್ತಾರಲ್ಲ, ಗಾಳಿ ಹಾಗೆಂದು ತಿಳಿದಳು. ಮಡಕೆ ಹಿಂದಕ್ಕೆ ಎಳೆದುಕೊಂಡಳು. ಎಳೆಯುವಾಗ ಎರಡು ಹನಿ ಎಮ್ಮೆಯ ಮೂಗಿನ ಮೇಲೆ ಬಿದ್ದವು.

“ಅವಳಿಗೆ ಬೇಡವಂತೆ. ಉಳಿದದ್ದೂ ನನಗೇ ಸುರಿ,” ಎಂದಳು ತಿಪ್ಪವ್ವ. ಗಾಳಿ ಸುರಿದಳು.

ಒಂದನೆಯ ದಿನ ನಡೆದದ್ದು ಇಷ್ಟೇ. ಈಗ ನಲವತ್ತೊಂದನೆಯ ದಿನಕ್ಕೆ ಬರೋಣ.

ಎಮ್ಮೆ ಬಯಲಿನಲ್ಲಿ ಮೇಯುತ್ತಿತ್ತು. ಅದರ ಹಿಂದೆ ಬೆಳ್ಳಕ್ಕಿ ನಡೆಯುತ್ತಿತ್ತು. ಎಮ್ಮೆ ಕಾಲಿಟ್ಟ ಕಡೆ ಹುಲ್ಲಿನಿಂದ ಮಿಡತೆ ಹಾರುತ್ತಿತ್ತು, ಬೆಳ್ಳಕ್ಕಿ ಹಿಡಿಯುತ್ತಿತ್ತು. ಹಿಡಿದದ್ದನ್ನೆಲ್ಲ ಎಣಿಸುತ್ತಿತ್ತು. ಬೆಳ್ಳಕ್ಕಿಗೆ ಎಣಿಸುವ ಚಟ. ಅದಕ್ಕೇ ಕಾಗೆ ಅದನ್ನು ‘ಲೆಕ್ಕಪ್ಪ’ ಎಂದು ಕರೆಯುತ್ತಿತ್ತು.

ನೆಲ ಸುಡುತ್ತಿತ್ತು. ಬೆಳ್ಳಕ್ಕಿ ಒಂದು ಕಾಲು ಎತ್ತಿತು. ಇನ್ನೊಂದು ಕಾಲು ಸುಟ್ಟಿತು. ಅದನ್ನೂ ಎತ್ತಬೇಕಾದಾಗ ಬೇರೆ ದಾರಿ ಕಾಣದೆ ಹಾರಿ ಎಮ್ಮೆಯ ಬೆನ್ನ ಮೇಲೆ ಇಳಿಯಿತು.

“ಅಯ್ಯಯ್ಯೋ!” ಎಂದಿತು. ಬೆನ್ನು ನೆಲಕ್ಕಿಂತ ಬಿಸಿ.

ಬೆಳ್ಳಕ್ಕಿ ಕಾಲು ಬದಲಿಸುತ್ತ ಎಣಿಸಿತು. ಎಮ್ಮೆ ದಿನಾ ಒಂದು ತುತ್ತಿಗೆ ಐವತ್ತು ಸಲ ಮೆಲುಕು ಹಾಕುತ್ತಿತ್ತು. ಇವತ್ತು ಒಂದು ಸಲವೂ ಇಲ್ಲ. ದಿನಾ ಒಂದು ಉಸಿರು ಬಿಡುವಷ್ಟು ಹೊತ್ತಿನಲ್ಲಿ ಇವತ್ತು ನಾಲ್ಕು ಉಸಿರು. ಬೆನ್ನ ಮೇಲೆ ಒದ್ದೆ ಎಲ್ಲಿಯೂ ಇಲ್ಲ.

“ಎಮ್ಮಕ್ಕ, ತಲೆ ನೋಯ್ತಿದೆಯಾ?”

“ಇರಲಿ.”

“ನೆರಳಿಗೆ ಹೋಗೋಣವಾ?”

“ಇರಲಿ.”

“ನೀರು ಕುಡೀತೀಯಾ?”

“ಇರಲಿ.”

“ಬೇಡವಂತೆ,” ಎಂದಿತು ಬೆಳ್ಳಕ್ಕಿ.

“ಬಿಡೋ ಲೆಕ್ಕಪ್ಪ,” ಎಂದಿತು ಬೇವಿನ ಮರದಿಂದ ಕಾಗೆ. “ಎಮ್ಮೆ ಯಾವತ್ತೂ ಹಾಗೇ. ಅದಕ್ಕೆ ಸೆಕೆ ಗೊತ್ತಾಗೋದು ನಾಳೆ, ಹೇಳೋದು ನಾಡಿದ್ದು.”

ಬೆಳ್ಳಕ್ಕಿ ಬಿಟ್ಟಿತು. ಅದು ತಪ್ಪು.

ಸ್ವಲ್ಪ ಹೊತ್ತಿಗೆ ಎಮ್ಮೆ ತಲೆ ಎತ್ತಿತು. ಕಣ್ಣು ಹೊಳೆಯುತ್ತಿತ್ತು.

“ಬಾ ಬಾ ಬೆಳ್ಳಕ್ಕಿ! ಬೇಗ ಬಾ! ಮಳೆ ಬಂತು! ಈ ಬಂಡೆ ಎಷ್ಟು ಚೆನ್ನಾಗಿ ಹರೀತಾ ಇದೆ ನೋಡು!”

ಹಾಗೆಂದು ಓಡಿತು. ನೇರವಾಗಿ ಓಡಲಿಲ್ಲ. ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ. ಬೆಳ್ಳಕ್ಕಿ ಬೆನ್ನ ಮೇಲಿಂದ ಎರಡು ಸಲ ಉರುಳಿತು, ಎರಡು ಸಲ ಹತ್ತಿತು.

ಕಾಗೆ ಕೊಂಬೆ ಹಿಡಿದುಕೊಂಡು ನಕ್ಕಿತು. “ನೋಡ್ರಪ್ಪ, ಎಮ್ಮೆಗೆ ಬುದ್ಧಿ ಬಂತು! ಎಷ್ಟು ಚುರುಕು!”

“ಬಂದಿಲ್ಲ, ಹೋಗ್ತಿದೆ!” ಎಂದು ಕೂಗಿತು ಬೆಳ್ಳಕ್ಕಿ. “ನಲವತ್ತು ದಿನದಲ್ಲಿ ಎಮ್ಮಕ್ಕ ಆಡಿದ್ದು ಒಂದೇ ಮಾತು. ಈಗ ಒಂದೇ ಉಸಿರಿಗೆ ಹದಿನಾಲ್ಕು. ಇದು ಒಳ್ಳೇದಲ್ಲ!”

ಎಮ್ಮೆ ಬೇವಿನ ಮರದ ಮುಂದೆ ನಿಂತಿತು. “ಅತ್ತೇ, ಯಾವಾಗ ಬಂದಿರಿ? ಮಾವ ಚೆನ್ನಾಗಿದ್ದಾರಾ? ಏನು ಇಷ್ಟು ಹಸಿರಾಗಿದ್ದೀರಿ?” ಎಂದು ಕೇಳಿತು. ಎಮ್ಮೆ ಅತ್ತೆಯ ಕಾಲಿಗೆ ನಮಸ್ಕಾರ ಮಾಡಲು ಬಾಗಿತು.

ಬಾಗಿದ್ದು ಬಿತ್ತು. ಬಿದ್ದದ್ದು ಏಳಲಿಲ್ಲ.

ಕಾಗೆಯ ನಗು ‘ಕಾ’ದಲ್ಲೇ ನಿಂತಿತು.

“ಲೆಕ್ಕಪ್ಪ,” ಎಂದಿತು ಕಾಗೆ ಸಣ್ಣ ದನಿಯಲ್ಲಿ, “ಎಮ್ಮಕ್ಕ ಸಾಯ್ತಾಳಾ?”

“ಮೈ ತಣ್ಣಗಾಗದಿದ್ದರೆ ಸಾಯ್ತಾಳೆ. ಹೋಗಿ ತಿಪ್ಪವ್ವನ್ನ ಕರೀ. ಮಡಕೆ ತರಲಿ.”

ಕಾಗೆ ಅಷ್ಟು ವೇಗವಾಗಿ ಹಾರಿದ್ದು ಅದೇ ಮೊದಲು. ತಿಪ್ಪವ್ವ ಕಂಕುಳಲ್ಲಿ ಒಂದು ಮಡಕೆ, ತಲೆಯ ಮೇಲೆ ಒಂದು ಮಡಕೆ ಇಟ್ಟುಕೊಂಡು ಓಡಿ ಬಂದಳು. ಎಮ್ಮೆಯ ಕಿವಿ ಮುಟ್ಟಿ ಕೈ ಹಿಂದಕ್ಕೆ ಎಳೆದಳು.

“ರೊಟ್ಟಿ ಹಂಚು ಇದು! ಬಿದ್ದದ್ದಾದರೂ ನೆರಳಲ್ಲಿ ಬಿದ್ದಿದೆ, ಅದೇ ಪುಣ್ಯ. ಏ ಸೂರ್ಯಪ್ಪ, ಸ್ವಲ್ಪ ಇಳಿದು ಕೂತ್ಕೋಬಾರದಾ?”

“ಹೊಸ ಕೆಲಸ, ತಿಪ್ಪವ್ವ,” ಎಂದ ಸೂರ್ಯ ಮೇಲಿನಿಂದ. “ಈಗಲೇ ರಜೆ ಕೇಳೋಕೆ ನಾಚಿಕೆ.”

ಕಾಗೆ ಕೊಕ್ಕಿನ ತುಂಬ ನೀರು ತುಂಬಿಕೊಂಡು ಎಮ್ಮೆಯ ಬಾಯಿಯ ಬಳಿ ಬಂತು. ಬೆಳ್ಳಕ್ಕಿ ರೆಕ್ಕೆ ಅಡ್ಡ ಹಾಕಿತು.

“ಬಾಯಿಗೆ ಬೇಡ. ಎಚ್ಚರ ಇಲ್ಲದವಳು ನುಂಗೋದಿಲ್ಲ. ನೀರು ಉಸಿರಿನ ದಾರಿಗೆ ಹೋಗ್ತದೆ. ಮೈಗೆ ಹಾಕು.”

ಕಾಗೆ ಕೊಕ್ಕಿನ ನೀರನ್ನು ಎಮ್ಮೆಯ ಬೆನ್ನಿಗೆ ಉಗುಳಿತು. ಅದು ಮೂರು ಹನಿ. ಆದರೂ ಯಾರೂ ನಗಲಿಲ್ಲ.

ತಿಪ್ಪವ್ವ ಕೆರೆಗೆ ಓಡಿದಳು, ಬಂದಳು, ಸುರಿದಳು. ಕುತ್ತಿಗೆಗೆ ಒಂದು ಮಡಕೆ. ಹೊಟ್ಟೆಗೆ ಒಂದು ಮಡಕೆ. ತೊಡೆಯ ಸಂದಿಗೆ ಒಂದು ಮಡಕೆ. ಮತ್ತೆ ಓಡಿದಳು, ಬಂದಳು, ಸುರಿದಳು.

ಗಾಳಿ ಬಯಲಿನಿಂದ ಬಂದಳು. “ಬೆಳಿಗ್ಗೆಯಿಂದ ಇವಳಿಗೆ ಬೀಸ್ತಾನೇ ಇದ್ದೆ. ಬೀಸಿದಷ್ಟೂ ಬಿಸಿಯಾಗ್ತಿದ್ದಳು. ಯಾಕೆ ಅಂತ ಈಗ ಗೊತ್ತಾಯ್ತು. ಒದ್ದೆ ಮಾಡಿದಿರಾ? ಸರಿ, ಎಲ್ಲರೂ ಪಕ್ಕಕ್ಕೆ ಸರೀರಿ.” ಹಾಗೆಂದು ಉದ್ದಕ್ಕೆ ಬೀಸಿದಳು.

ಹನ್ನೊಂದು ಮಡಕೆ ಆದ ಮೇಲೆ ಎಮ್ಮೆ ಒಂದು ಕಣ್ಣು ತೆರೆಯಿತು.

“ಎಮ್ಮಕ್ಕ, ನೀರು ಕುಡೀತೀಯಾ?” ಎಂದಿತು ಬೆಳ್ಳಕ್ಕಿ.

ಎಮ್ಮೆ ಕಾಗೆಯನ್ನು ನೋಡಿತು. “ಅತ್ತೇ, ಇವನು ನನ್ನ ಎರಡನೇ ಮಗ. ಸ್ವಲ್ಪ ಕಪ್ಪು.”

“ಇನ್ನೂ ಆಗಿಲ್ಲ. ಸುರೀರಿ,” ಎಂದಿತು ಬೆಳ್ಳಕ್ಕಿ.

ಮತ್ತೆ ಮೂರು ಮಡಕೆ. ಮತ್ತೆ ಗಾಳಿ. ಉಸಿರು ನಾಲ್ಕರಿಂದ ಮೂರಾಯಿತು, ಮೂರರಿಂದ ಎರಡಾಯಿತು. ಎಮ್ಮೆ ಎರಡನೆಯ ಕಣ್ಣೂ ತೆರೆಯಿತು.

“ಎಮ್ಮಕ್ಕ, ನೀರು ಕುಡೀತೀಯಾ?”

ಎಮ್ಮೆ ಯೋಚಿಸಿತು. ಬಹಳ ಹೊತ್ತು ಯೋಚಿಸಿತು.

“ಇರಲಿ,” ಎಂದಿತು.

“ಇರಲಿ ಅಂದಳು!” ಎಂದು ಕಾಗೆ ಮರದ ಸುತ್ತ ಹಾರಿತು. “ಬುದ್ಧಿ ಬಂತು! ಮತ್ತೆ ಮೊದಲಿನ ಹಾಗೆ ಆದಳು!”

ಬೆಳ್ಳಕ್ಕಿಯ ಮುಖ ಮಾತ್ರ ಸಪ್ಪಗಿತ್ತು. “ಆದರೆ ನೀರು ಬೇಡ ಅಂತಾಳಲ್ಲ.”

“ಬೇಡ ಅನ್ನೋದನ್ನ ಕೇಳ್ತಾ ಕೂತರೆ ಆಯ್ತು,” ಎಂದು ತಿಪ್ಪವ್ವ ಮಡಕೆಯನ್ನು ಎಮ್ಮೆಯ ಮುಂದೆ ಇಟ್ಟಳು.

ಎಮ್ಮೆ ಕುಡಿಯಿತು. ಆ ಮಡಕೆ ಮುಗಿಸಿ ಇನ್ನೊಂದು ಕುಡಿಯಿತು. ತಿಪ್ಪವ್ವ ತನಗೆಂದು ಇಟ್ಟುಕೊಂಡಿದ್ದ ಉಪ್ಪು ಹಾಕಿದ ಮಜ್ಜಿಗೆಯನ್ನೂ ಕುಡಿದು, ಮಡಕೆಯ ತಳ ನೆಕ್ಕಿತು.

“ಎಲಾ! ಬೇಡ ಅಂದೆಯಲ್ಲ?” ಎಂದಳು ತಿಪ್ಪವ್ವ.

“ಯಾವಾಗ ಅಂದೆ?” ಎಂದಿತು ಎಮ್ಮೆ.

“ಈಗಷ್ಟೇ. ಇರಲಿ ಅಂದೆ.”

“ಹೂಂ. ಇರಲಿ. ನನಗೂ ಇರಲಿ. ಹಾಕು ಅಂತ.”

ಬೆಳ್ಳಕ್ಕಿ ಮಧ್ಯಾಹ್ನ ತಾನು ಕೇಳಿದ್ದನ್ನು ಮತ್ತೆ ಎಣಿಸಿತು. ತಲೆನೋವು ಒಂದು, ನೆರಳು ಎರಡು, ನೀರು ಮೂರು. ಅದಕ್ಕೆ ಕತ್ತು ಎತ್ತಲಾಗಲಿಲ್ಲ.

ಗಾಳಿ ಬೀಸುವುದನ್ನು ನಿಲ್ಲಿಸಿದಳು. “ಹಾಗಾದರೆ… ಒಂದನೇ ದಿನ… ಬೆವರು…”

“ಆಗಲೂ ಇರಲಿ ಅಂದೆ. ನೀನು ಎರಡು ಹನಿ ಹಾಕಿದೆ. ಎಲ್ಲರಿಗೂ ಅಷ್ಟೇ ಅಂದುಕೊಂಡೆ.”

ಗಾಳಿ ಬೆವರಿನ ಮಡಕೆ ತಂದು ಬೋರಲು ಹಾಕಿದಳು. ಏನೂ ಬೀಳಲಿಲ್ಲ. ಎಲ್ಲರೂ ತಿಪ್ಪವ್ವನ ಕಡೆ ನೋಡಿದರು. ತಿಪ್ಪವ್ವನ ಹಣೆಯಿಂದ, ಮೂಗಿನಿಂದ, ಮೊಣಕೈಯಿಂದ ಬೆವರು ತೊಟ್ಟಿಕ್ಕುತ್ತಿತ್ತು.

“ನನ್ನ ನೋಡಬೇಡಿ,” ಎಂದಳು ತಿಪ್ಪವ್ವ, ಸೆರಗಿನಿಂದ ಮುಖ ಒರೆಸಿಕೊಂಡು. “ಬಿಚ್ಚಿ ಕೊಡೋಕೆ ಇದೇನು ಮೂಗುಬೊಟ್ಟಾ? ಇಷ್ಟು ಹಾಕಿಸಿಕೊಂಡು ನಾನೇನು ಸುಖವಾಗಿದ್ದೀನಾ? ಹೊರಗೆ ಹೋದಷ್ಟು ನೀರು, ಉಪ್ಪು ಒಳಗೆ ಹಾಕ್ತಾನೇ ಇರಬೇಕು. ಬಾಯಾರಿಕೆ ಆಗೋವರೆಗೆ ಕಾದರೆ ತಲೆ ಸುತ್ತುತ್ತದೆ.”

“ಎಮ್ಮಕ್ಕನಿಗೆ ಇನ್ನು ಬೆವರು ಸಿಗೋದಿಲ್ಲ. ನಾಳೆ ಮತ್ತೆ ಬಿಸಿಲು,” ಎಂದಿತು ಕಾಗೆ.

ಬೆಳ್ಳಕ್ಕಿ ಒಂದು ಕಾಲು ಎತ್ತಿ ಯೋಚಿಸಿತು.

“ಬೆವರು ಅಂದರೆ ಏನು?” ಎಂದಿತು. “ಮೈ ಮೇಲಿನ ನೀರು. ಒಳಗಿಂದ ಬರೋದಿಲ್ಲ ಅಂದರೆ ಹೊರಗಿಂದ ಹಾಕಿಕೊಳ್ಳಲಿ. ದಿನಾ ಹದಿನಾಲ್ಕು ಮಡಕೆ ಹೊರುವವರು ಯಾರು? ಎಮ್ಮಕ್ಕನೇ ಕೆರೆಗೆ ಹೋಗಲಿ.”

ಆ ಕಾಲದಲ್ಲಿ ಕೆರೆಗೆ ಯಾರೂ ಇಳಿಯುತ್ತಿರಲಿಲ್ಲ. ದಡದಲ್ಲಿ ನಿಂತು ಕುಡಿದು ಹೋಗುತ್ತಿದ್ದರು. ಕೆರೆಗೆ ಮಡಿ ಬಹಳ. ಮುಖ ಒಡೆದು ಮಾತಾಡುವ ಅಭ್ಯಾಸ ಇಲ್ಲ. ಬೇಡ ಅನ್ನಬೇಕಾದರೂ ನಯವಾಗಿಯೇ ಅನ್ನುತ್ತಿತ್ತು.

ಎಮ್ಮೆ ದಡದಲ್ಲಿ ನಿಂತಿತು. “ಕೆರೆಯವ್ವ, ಬಿಸಿಲಿಳಿಯೋವರೆಗೆ ಒಳಗೇ ಇರಲಾ?”

ಕೆರೆ ಎಮ್ಮೆಯನ್ನು ನೋಡಿತು. ಅದರ ಅಗಲ ನೋಡಿತು. ಕಾಲಿನ ಕೆಸರು ನೋಡಿತು. ಎಲೆಯ ಮೇಲೆ ಕೈ ಅಡ್ಡ ಇಟ್ಟವರ ಹಾಗೆ, ಬಹಳ ಮರ್ಯಾದೆಯಿಂದ ಅಂದಿತು:

“ಇರಲಿ, ಇರಲಿ.”

“ನನ್ನ ಹಾಗೇ ಮಾತಾಡ್ತಾಳೆ,” ಎಂದಿತು ಎಮ್ಮೆ ಸಂತೋಷದಿಂದ. ಇಳಿದು ಮಲಗಿತು.

ಕೆರೆ ಬಾಯಿ ತೆರೆದು ತಪ್ಪು ತಿದ್ದಲು ಹೋಯಿತು. ಆಗಲೇ ಬಾಯಿಯ ತುಂಬ ಎಮ್ಮೆ.

ಬೆಳ್ಳಕ್ಕಿ ಹಾರಿ ಬಂದು ನೆತ್ತಿಯ ಮೇಲೆ ಕೂತಿತು. ಅವತ್ತಿನಿಂದ ಅದು ಎಮ್ಮೆಯನ್ನು ಏನೂ ಕೇಳುವುದಿಲ್ಲ. ಕಾಲಿನಿಂದ ಮುಟ್ಟಿ ನೋಡುತ್ತದೆ. ಬಿಸಿ ಇದ್ದರೆ ಕುಕ್ಕಿ ಕುಕ್ಕಿ ಕೆರೆಗೆ ನಡೆಸುತ್ತದೆ.

ಬೇಸಿಗೆಯ ಮಧ್ಯಾಹ್ನ ಕೆರೆಯ ಕಡೆ ನೋಡು. ನೀರು ಕುಡಿದು ಹೋಗು, ನೆರಳಲ್ಲಿ ನಿಂತು ನೋಡು. ನೀರಿನ ಮೇಲೆ ಇವತ್ತಿಗೂ ಕಾಣುವುದು ಎರಡು ಕೊಂಬು, ಎರಡು ಕಿವಿ, ಎರಡು ಕಣ್ಣು, ಒಂದು ಮೂಗು, ಒಂದು ಬೆಳ್ಳಕ್ಕಿ. ಒಟ್ಟು ಎಂಟು.